ಕ್ಲೈಂಟ್ ಎಂಬ ದೇವರ ಸಹಿ

ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ ದಿನವೇ ನನಗೆ ಸಿಟ್ಟು ತರಿಸುವ ಒಬ್ಬ ಮನುಷ್ಯ ಎಲ್ಲಿಂದಾದರೂ ಎದ್ದು ಬರುತ್ತಾನೆ. ಇದು ನನ್ನ ಜನ್ಮಕ್ಕೆ ಅಂಟಿದ್ದು. ಬಾಗಲಕೋಟೆ ಕಡೆಯ ಊರಿನಿಂದ ಮದುವೆಯಾಗಿ ಹೈದರಾಬಾದಿಗೆ ಬಂದವಳು ನಾನು. ಇಲ್ಲಿಯ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಕಲಿಸಿ, ನಿವೃತ್ತಳಾಗಿ, ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಮನೆಯಲ್ಲಿ ಲೋಕಲ್ ಟ್ರೇನಿನ ಸದ್ದು ಕೇಳುತ್ತ ಸುಮ್ಮನಿದ್ದೆ. ಒಂದು ದಿನ ಫೋನು ಬಂತು. ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಒಂದು ಖಾಸಗಿ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥ. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದವರೇ ಮುಖ್ಯಸ್ಥರಾಗುವುದು ಹೇಗೆ ಎಂಬುದನ್ನು ನಾನು ಕಲಿಸಿದ ಯಾವ ಸೂತ್ರವೂ ವಿವರಿಸುವುದಿಲ್ಲ.

ಡೇಟಾ ಅನಲಿಟಿಕ್ಸ್ ಓದುವ ಕೊನೆಯ ವರ್ಷದ ಮಕ್ಕಳು ನಾಲ್ಕು ನಾಲ್ಕು ಜನರ ತಂಡ ಕಟ್ಟಿಕೊಂಡು, ಹೊರಗಿನ ಒಬ್ಬ ಕ್ಲೈಂಟಿನ ನಿಜವಾದ ಸಮಸ್ಯೆ ಬಿಡಿಸಬೇಕಂತೆ. ಒಂದು ತಂಡಕ್ಕೆ ನಾನು ಗೈಡ್ ಆಗಬೇಕಂತೆ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನಿಯಮ ಹೇಳಿದ. ಕೊನೆಗೆ ಕ್ಲೈಂಟು ‘ತೃಪ್ತಿಯಾಗಿದೆ’ ಎಂದು ಸಹಿ ಹಾಕಬೇಕು. ಹಾಕದಿದ್ದರೆ ಮಕ್ಕಳಿಗೆ ಈ ವರ್ಷ ಡಿಗ್ರಿ ಇಲ್ಲ.

“ಉತ್ತರ ಸರಿ ಇದ್ದು, ಅದು ಕ್ಲೈಂಟಿಗೆ ಸೇರದಿದ್ದರೆ?” ಎಂದೆ.

“ಮೇಡಂ, ಕ್ಲೈಂಟ್ ಅಂದರೆ ದೇವರು.”

“ದೇವರಾದರೆ ತೆಂಗಿನಕಾಯಿ ಒಡೆದು ಮುಗಿಸೋಣ. ಡೇಟಾ ಯಾಕೆ?”

ಅವನು ನಕ್ಕ. ನಾನು ನಗಿಸಲು ಹೇಳಿರಲಿಲ್ಲ.

ನನ್ನ ತಂಡದ ನಾಯಕಿ ಕಲಬುರಗಿ ಕಡೆಯ ಹುಡುಗಿ. ಅಪ್ಪ ಲಿಂಗಂಪಲ್ಲಿ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಗೌಂಡಿ. ಹುಡುಗಿಗೆ ಆಗಲೇ ಮಾದಾಪುರದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು, ಆದರೆ ಡಿಗ್ರಿ ಕೈಯಲ್ಲಿ ಹಿಡಿದೇ ಬರಬೇಕೆಂದು ಅವರು ಹೇಳಿದ್ದರು. ಅಂದರೆ ಆ ಮನೆಯ ಭವಿಷ್ಯವೆಲ್ಲ ಯಾರೋ ಒಬ್ಬ ಕ್ಲೈಂಟಿನ ಪೆನ್ನಿನ ತುದಿಯಲ್ಲಿತ್ತು. ಎರಡನೆಯವನು ಹಳೇ ಶಹರದ ಹುಡುಗ. ಭೂಕಂಪವಾದರೂ “ಟೆನ್ಷನ್ ನಕ್ಕೋ ಮೇಡಂ” ಎಂದು ತನ್ನ ದಖನಿಯಲ್ಲಿ ಚಿಂತೆ ಬೇಡ ಅನ್ನುವವನು. ಉಳಿದಿಬ್ಬರು ಕಂಪ್ಯೂಟರಿನಿಂದ ತಲೆ ಎತ್ತದ ಕಾರಣ ಅವರ ಮುಖ ನನಗೆ ಈಗಲೂ ಸರಿಯಾಗಿ ನೆನಪಿಲ್ಲ.

ಯಾರೂ ಬಿಡದ ಜಿಮ್ಮು

ಮೊದಲ ಕ್ಲೈಂಟು ಮಾದಾಪುರದ ಒಬ್ಬ ಜಿಮ್ ಮಾಲೀಕ. ತೋಳು ನನ್ನ ಸೊಂಟದಷ್ಟು ದಪ್ಪ. ಸಮಸ್ಯೆ ಏನೆಂದರೆ, ಸೇರಿದವರು ಸ್ವಲ್ಪ ದಿನಕ್ಕೇ ಬಿಟ್ಟು ಹೋಗುತ್ತಾರೆ, ಯಾಕೆ ಎಂದು ಕಂಡುಹಿಡಿಯಬೇಕು. ಒಳ್ಳೆಯ ಸಮಸ್ಯೆ. ನನಗೂ ಹುರುಪು ಬಂತು. ಮಕ್ಕಳು ಅವನ ಕಂಪ್ಯೂಟರಿನಿಂದ ಮಾಹಿತಿ ತಂದರು. ವಾರಗಟ್ಟಲೆ ಕೂತು ನೋಡಿದರು. ಒಂದು ಮಧ್ಯಾಹ್ನ ನಾಯಕಿ ನನ್ನ ಮನೆಗೇ ಬಂದಳು.

“ಮೇಡಂ, ಒಂದು ವಿಚಿತ್ರ ಐತ್ರಿ. ಈ ಜಿಮ್ಮ ಇಲ್ಲೀತನಕಾ ಒಬ್ಬರೂ ಬಿಟ್ಟಿಲ್ಲ.”

“ಅದೆಂಗ ಸಾಧ್ಯ ಐತಿ? ಬಿಡಾಕತ್ತಾರಂತನ ಅವ ಅಳಾಕತ್ತಾನಲ್ಲ?”

ಕೇಳಲು ಎಲ್ಲರೂ ಹೋದೆವು. ಮಾಲೀಕ ತೆಲುಗಿನಲ್ಲಿ ಬಹಳ ಸಹಜವಾಗಿ ಹೇಳಿದ, “ಬಿಟ್ಟು ಹೋದವರ ಹೆಸರು ಇಟ್ಟುಕೊಂಡು ಏನು ಮಾಡಲಿ ಅಮ್ಮಾ? ನೋಡಿದಾಗಲೆಲ್ಲ ಮನಸ್ಸಿಗೆ ಕಷ್ಟ. ಹೋದ ದಿನವೇ ಡಿಲೀಟ್ ಮಾಡಿಬಿಡುತ್ತೇನೆ.”

ನನ್ನ ಬಿಪಿ ಏರಿದ್ದು ನನಗೇ ಕೇಳಿಸಿತು. ಸತ್ತವರು ಯಾಕೆ ಸತ್ತರು ಹೇಳಿ ಎಂದು ಬದುಕಿದವರ ನಾಡಿ ಹಿಡಿಸುವ ಮನುಷ್ಯನನ್ನು ನಾನು ಇದೇ ಮೊದಲು ನೋಡಿದ್ದು. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಕನ್ನಡದಲ್ಲಿ. ಅವನಿಗೆ ತಿಳಿಯಲಿಲ್ಲ, ಆಶೀರ್ವಾದ ಅಂದುಕೊಂಡು ತಲೆ ಬಗ್ಗಿಸಿದ.

ಮಕ್ಕಳು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು. ‘ತಾವು ಕೊಟ್ಟ ಮಾಹಿತಿಯ ಪ್ರಕಾರ ಈ ಜಿಮ್ಮನ್ನು ಯಾರೂ ಬಿಟ್ಟಿಲ್ಲ. ಬಿಟ್ಟವರ ಮಾಹಿತಿ ಇಲ್ಲದೆ ಕಾರಣ ಹೇಳಲಾಗದು.’ ಅವನು ಮೊದಲ ವಾಕ್ಯ ಮಾತ್ರ ಓದಿದ. ಮರುದಿನವೇ ಜಿಮ್ಮಿನ ಮುಂದೆ ದೊಡ್ಡ ಫ್ಲೆಕ್ಸು ಕಟ್ಟಿಸಿದ: ‘ಇಲ್ಲಿ ಸೇರಿದವರು ಯಾರೂ ಬಿಟ್ಟಿಲ್ಲ! ವಿದ್ಯಾರ್ಥಿಗಳ ಸಂಶೋಧನೆ!’

ಸಹಿ ಕೇಳಲು ಹುಡುಗಿ ಹೋದಾಗ ಅವನು ಅಂದನಂತೆ: “ಸಮಸ್ಯೆಯೇ ಇಲ್ಲ ಅಂತ ನೀವೇ ಬರೆದಿದ್ದೀರಿ. ಮತ್ತೆ ಬಿಡಿಸಿದ್ದು ಏನನ್ನು?”

ಹಸಿರು ಮುಖ

ಸಹಿ ಸಿಗದ ಮೇಲೆ ಹಿಡಿದ ಎರಡನೆಯ ಕ್ಲೈಂಟು, ಮಾದಾಪುರದ ಬೇರೊಂದು ಆಫೀಸಿನಲ್ಲಿ ಕ್ಯಾಂಟೀನು ನಡೆಸುವ ಮ್ಯಾನೇಜರು. ಅಲ್ಲಿ ಕೈತೊಳೆಯುವ ಜಾಗದ ಹತ್ತಿರ ಒಂದು ಯಂತ್ರ ಇಟ್ಟಿದ್ದರು. ಅದರಲ್ಲಿ ಮೂರು ಮುಖಗಳು. ನಗುವ ಹಸಿರು ಮುಖ, ಸುಮ್ಮನಿರುವ ಹಳದಿ ಮುಖ, ಅಳುವ ಕೆಂಪು ಮುಖ. ಊಟ ಮಾಡಿದವರು ತಮಗೆ ಅನಿಸಿದ್ದನ್ನು ಒತ್ತಿ ಹೋಗಬೇಕು. ಯಾವ ದಿನದ ಅಡುಗೆ ಜನರಿಗೆ ಹೆಚ್ಚು ಹಿಡಿಸುತ್ತದೆ, ಅದನ್ನು ಹೇಳಿ ಅಂದಿದ್ದ.

ಲೆಕ್ಕ ನೋಡಿದರೆ ಎಲ್ಲ ದಿನವೂ ಹಸಿರೋ ಹಸಿರು. ಸಾರು ಸುಟ್ಟ ದಿನವೂ ಹಸಿರು. ಅಡುಗೆಯವರು ಬಾರದೆ ಬರೀ ಬ್ರೆಡ್ಡು ಕೊಟ್ಟ ದಿನವೂ ಹಸಿರು. ಇನ್ನೂ ಸೋಜಿಗವೆಂದರೆ, ಯಂತ್ರದ ಪ್ರಕಾರ ಊಟಕ್ಕೆ ಬಾಗಿಲು ತೆರೆಯುವ ಮೊದಲೇ ಜನರು ಹಸಿರು ಒತ್ತಿ ಸಂತೋಷದಿಂದ ಕುಣಿಯುತ್ತಿದ್ದರು.

“ಹೋಗಿ ಕೂತು ನೋಡ್ರಿ,” ಅಂದೆ. ಕೂತು ನೋಡಿದರು. ಮ್ಯಾನೇಜರು ಅಡುಗೆಮನೆಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಗುಡಿಯ ಮುಂದೆ ಹಾದುಹೋಗುವವರು ಎದೆ ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ ಹಸಿರು ಮುಖವನ್ನು ಒತ್ತಿ ಹೋಗುತ್ತಿದ್ದ. ಅವನಿಗೇ ಅದು ಗೊತ್ತಿದ್ದಂತೆ ಇರಲಿಲ್ಲ. ಹಳೇ ಶಹರದ ಹುಡುಗ ಎದ್ದು ಹೋಗಿ, “ಭಾಯ್, ನೀವು ಯಾಕೆ ಒತ್ತುತ್ತೀರಿ?” ಎಂದು ಕೇಳಿದ್ದಕ್ಕೆ ಅವನು ನೊಂದುಕೊಂಡ. “ಯಾಕೆ, ನಾನೂ ಇಲ್ಲೇ ಉಣ್ಣುತ್ತೇನೆ. ನನಗೆ ಖುಷಿಯಾಗಬಾರದೇನು?”

ವರದಿಯಲ್ಲಿ ಅದನ್ನೂ ಬರೆದರು. ಅವನು ಓದಿ ಬೆವತ. ಆಫೀಸಿನವರು ಕಂಡರೆ ಕ್ಯಾಂಟೀನೇ ಹೋದೀತು. “ಸಹಿ ಹಾಕುತ್ತೇನೆ. ಆದರೆ ನನ್ನ ಬೆರಳನ್ನು ಇದರಿಂದ ತೆಗೆಯಿರಿ,” ಅಂದ.

ಬೆರಳು ತೆಗೆದರೆ ಉಳಿಯುವುದೇನು? ಜನ ಸುಟ್ಟ ಸಾರನ್ನು ಇಷ್ಟಪಡುತ್ತಾರೆ ಎಂಬ ಮಹಾ ಸಂಶೋಧನೆ. ನಾಯಕಿ ಒಪ್ಪಲಿಲ್ಲ. ಕಣ್ಣಲ್ಲಿ ನೀರಿತ್ತು, ಆದರೂ ಒಪ್ಪಲಿಲ್ಲ. “ನಾಳೆ ಮಾದಾಪುರದಾಗ ದಿನಾ ಇದ ಕೆಲಸ ಮಾಡಾಕಿ ನಾನು. ಮೊದಲನೇ ವರದಿನ ಸುಳ್ಳು ಬರದ್ರ ಹೆಂಗ್ರಿ ಮೇಡಂ?” ಅಂದಳು. ನಾನು ಅವಳ ತಲೆ ಸವರಿ, ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಮುಖ್ಯಸ್ಥನ ಕೋಣೆಗೆ ಹೋದೆ.

“ಒಂದು ಬೆರಳು ತಾನೇ ಮೇಡಂ, ತೆಗೆದುಬಿಡಿ,” ಅಂದ ಅವನು.

“ನಿನ್ನ ಉತ್ತರಪತ್ರಿಕೆಗೆ ಪಾಸು ಅಂತ ಬರೆದ ಬೆರಳನ್ನ ಅವತ್ತೇ ತೆಗೀಬೇಕಿತ್ತು ನಾನು,” ಅಂದು ಎದ್ದು ಬಂದೆ.

ರೋಬೋಟಿನ ಚಿತ್ರ

ಈ ನಡುವೆ ಕಾಲೇಜಿನಲ್ಲಿ ಒಂದು ಪರಿಶೀಲನೆ ನಡೆಯಿತು. ಮಕ್ಕಳು ತಾವು ಮಾಡಿದ್ದನ್ನು ತೋರಿಸಿದರು. ಎಣಿಸಿದ್ದಾರೆ, ಸರಾಸರಿ ತೆಗೆದಿದ್ದಾರೆ, ಹೋಗಿ ಕಣ್ಣಾರೆ ನೋಡಿ ಬಂದಿದ್ದಾರೆ. ನನಗೆ ಹೆಮ್ಮೆ. ಮುಖ್ಯಸ್ಥ ಮಾತ್ರ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, “ಇದರಲ್ಲಿ ಎ.ಐ. ಎಲ್ಲಿದೆ?” ಎಂದ.

“ಬೇಕಾಗಿಲ್ಲ,” ಎಂದೆ.

“ಈಗಿನ ಕಾಲಕ್ಕೆ ಎ.ಐ. ಇಲ್ಲದೆ ಹೇಗೆ ಮೇಡಂ?”

“ಜ್ವರ ನೋಡಲು ಥರ್ಮಾಮೀಟರು ಸಾಕಪ್ಪಾ. ಅದಕ್ಕೂ ರಾಕೆಟ್ಟು ಹಾರಿಸಬೇಕೇನು?”

ಮುಂದಿನ ವಾರ ಮತ್ತೆ ತೋರಿಸಲು ಹೇಳಿದ. ನಾನು ರಾಜೀನಾಮೆಯನ್ನೇ ಬರೆದು ಚೀಲದಲ್ಲಿಟ್ಟುಕೊಂಡು ಹೋದೆ. ಹಳೇ ಶಹರದ ಹುಡುಗ ಬಾಗಿಲಲ್ಲೇ ತಡೆದು, “ಟೆನ್ಷನ್ ನಕ್ಕೋ ಮೇಡಂ, ನೋಡಿಕೊಳ್ಳುತ್ತೇನೆ,” ಅಂದ. ವರದಿಯಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಮೊದಲ ಪುಟದಲ್ಲಿ ಮಾತ್ರ ನೀಲಿ ಬಣ್ಣದ ಒಂದು ರೋಬೋಟು ಗಲ್ಲಕ್ಕೆ ಕೈಕೊಟ್ಟು ಯೋಚನೆ ಮಾಡುತ್ತ ಕೂತಿತ್ತು.

ಮುಖ್ಯಸ್ಥ ಅದನ್ನೇ ಬಹಳ ಹೊತ್ತು ನೋಡಿ, “ಈಗ ಬಂತು ನೋಡಿ ಕಳೆ!” ಅಂದ.

ನಂಬರ್ ಒನ್ ಗಿರಾಕಿ

ಸಹಿ ಸಲ್ಲಿಸುವ ದಿನ ಹತ್ತಿರ ಬಂತು. ಕೆಲಸ ಕೊಟ್ಟ ಮಾದಾಪುರದ ಆಫೀಸಿನವರು ಹುಡುಗಿಗೆ ಡಿಗ್ರಿ ಎಲ್ಲಿ ಎಂದು ಕೇಳತೊಡಗಿದ್ದರು. ಕೊನೆಗೆ ನಾನೇ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯ ಸಾಹುಕಾರರನ್ನು ಹಿಡಿದೆ. ವಿಜಯಪುರ ಕಡೆಯವರು, ಇಲ್ಲಿ ತಾತನ ಕಾಲದಿಂದ ವ್ಯಾಪಾರ, ಈಗ ಎರಡು ಅಂಗಡಿ. ನಾನು ಹೈದರಾಬಾದಿಗೆ ಬಂದಾಗಿನಿಂದ ಸೀರೆ ಕೊಳ್ಳುವುದು ಅಲ್ಲೇ.

“ಅಕ್ಕಾರ, ನನ್ನದು ಒಂದ ಪ್ರಶ್ನಿ,” ಅಂದರು ಸಾಹುಕಾರರು. “ನಮ್ಮಲ್ಲಿ ಎಲ್ಲಾರಿಗಿಂತ ಹೆಚ್ಚು ಖರೀದಿ ಮಾಡೂ ಗಿರಾಕಿ ಯಾರು? ಅಂಗಡಿ ವಾರ್ಷಿಕೋತ್ಸವ ಬಂದೈತಿ. ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕಂತೀನಿ.”

ಇದಕ್ಕಿಂತ ಸುಲಭದ ಸಮಸ್ಯೆ ಇದೆಯೇ? ಬಿಲ್ ಮಾಡುವಾಗ ಗಿರಾಕಿಯ ಮೊಬೈಲ್ ನಂಬರ್ ಬರೆದುಕೊಳ್ಳುತ್ತಾರೆ. ನಂಬರಿನ ಪ್ರಕಾರ ಕೂಡಿಸಿದರೆ ಮುಗಿಯಿತು. ಮಕ್ಕಳು ಕೂಡಿಸಿದರು. ಎಲ್ಲರಿಗಿಂತ ಮೇಲೆ ಒಂದೇ ನಂಬರು, ಉಳಿದವರು ಅದರ ಹತ್ತಿರಕ್ಕೂ ಬರುವುದಿಲ್ಲ. ಆ ಗಿರಾಕಿ ಮದುವೆ ಸೀರೆ, ಧೋತರ, ಮಕ್ಕಳ ಫ್ರಾಕು, ಬನಿಯನ್ನು ಎಲ್ಲ ಕೊಂಡಿದ್ದ. ಎರಡೂ ಅಂಗಡಿಯಲ್ಲಿ ಒಂದೇ ಗಳಿಗೆಯಲ್ಲಿ ನಿಂತು ಕೊಂಡಿದ್ದ. ಆ ನಂಬರಿನ ಹತ್ತು ಅಂಕಿಯೂ ಬರೀ ಒಂಬತ್ತು.

ನಾಯಕಿ ಸಾಹುಕಾರರಿಗೆ ಬಿಡಿಸಿ ಹೇಳಿದಳು. “ಇದು ಮನಷ್ಯಾ ಅಲ್ರಿ. ಭಾಳ ಮಂದಿ ನಂಬರ ಕೊಡೂದಿಲ್ಲ. ನಂಬರ ಇಲ್ಲದ ಬಿಲ್ಲ ಆಗೂದಿಲ್ಲಂತ ಕೌಂಟರಿನವರು ಒಂಬತ್ತು ಒತ್ತಿ ಬಿಡತಾರ.”

ಸಾಹುಕಾರರಿಗೆ ಅದು ಕಿವಿಗೆ ಬೀಳಲಿಲ್ಲ. ಮೊದಲ ಪುಟ ನೋಡಿ ಅವರ ಕಣ್ಣು ತುಂಬಿ ಬಂದಿತ್ತು. “ಎಂಥಾ ಮನಷ್ಯಾ ಅಕ್ಕಾರ! ಒಂದ ದಿನಾ ತಪ್ಪಸಿಲ್ಲ ನೋಡ್ರಿ. ನಾ ಸ್ವಂತ ಅಂಗಡಿಗೆ ರಜಾ ಹಾಕೇನಿ, ಅವ ಹಾಕಿಲ್ಲ!”

“ಅಂಥಾವ ಇಲ್ಲರೀ ಸಾಹುಕಾರ್ರ!” ಎಂದು ಕೂಗಿದೆ.

“ಇಲ್ಲದಾವ ಇಷ್ಟ ಬನಿಯನ್ ಹೆಂಗ ಒಯ್ದ? ನೀವು ಹುಡುಕಾಕ ಬ್ಯಾಸರಾಗಿ ಹೇಳಾಕತ್ತೀರಿ. ಫಂಕ್ಷನ್ ಹಾಲ್ ಬುಕ್ ಆಗೈತಿ, ಮುಖ್ಯ ಅತಿಥಿ ಒಪ್ಯಾರ. ಅವನ್ನ ಕರಕೊಂಡ ಬರ್ರಿ, ವೇದಿಕಿ ಮ್ಯಾಲೇ ಸಹಿ ಮಾಡತೀನಿ. ಇಲ್ಲಂದ್ರ ಇಲ್ಲ.”

ಮುಖ್ಯಸ್ಥನಿಗೆ ಫೋನು ಮಾಡಿದರೆ ಅವನ ಬಳಿ ಪರಿಹಾರ ಸಿದ್ಧವಿತ್ತು. “ಯಾರನ್ನಾದರೂ ಕೂಡಿಸಿಬಿಡಿ ಮೇಡಂ. ನಮ್ಮ ಅತ್ತೆ ಇದ್ದಾರೆ, ಶಾಲು ಅಂದರೆ ಬಹಳ ಇಷ್ಟ.” ಫೋನು ಕುಕ್ಕಿದೆ. ಮೊಬೈಲನ್ನು ಕುಕ್ಕಿದರೆ ಸಮಾಧಾನವೂ ಆಗುವುದಿಲ್ಲ, ಗಾಜು ಮಾತ್ರ ಒಡೆಯುತ್ತದೆ.

ವಾರ್ಷಿಕೋತ್ಸವದ ದಿನ ಜಗಳ ಆಡಿಯೇ ತೀರುವುದೆಂದು ಸೆರಗು ಬಿಗಿದುಕೊಂಡು ಹೋದೆ. ಗಿರಾಕಿಗಳನ್ನೆಲ್ಲ ಊಟ ಇದೆ ಎಂದು ಕರೆದಿದ್ದರಿಂದ ಫಂಕ್ಷನ್ ಹಾಲ್ ತುಂಬಿತ್ತು. ಊಟವಾಯಿತು. ಸಾಹುಕಾರರು ಜರಿಯ ಶಾಲು ಹಿಡಿದು ಮೈಕಿನಲ್ಲಿ ಗಿರಾಕಿಯ ಗುಣಗಾನ ಮಾಡಿದರು. “ಈಗ ಆ ಮಹಾನುಭಾವರನ್ನ ಈ ತಂಗಿ ವೇದಿಕಿಗೆ ಕರೀತಾಳ!” ಎಂದು ಮೈಕನ್ನು ನಾಯಕಿಯ ಕೈಗೆ ಕೊಟ್ಟುಬಿಟ್ಟರು.

ನಾನು ಎದ್ದು ವೇದಿಕೆಯ ಕಡೆ ಹೊರಟೆ. ಅಷ್ಟರಲ್ಲಿ ಅವಳು ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ ಕೇಳಿದಳು: “ಈ ಅಂಗಡಿಯಲ್ಲಿ ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೊಡುವುದಿಲ್ಲ ಅಂದವರು ಯಾರು ಯಾರು? ದಯವಿಟ್ಟು ಕೈ ಎತ್ತಿ.”

ಮೊದಲು ಒಂದೆರಡು ಕೈ. ಆಮೇಲೆ ಸಾಲಿಗೆ ಸಾಲೇ ಎತ್ತಿತು. ಮುಖ್ಯ ಅತಿಥಿ ಎತ್ತಿದರು. ಸಾಹುಕಾರರ ಹೆಂಡತಿಯೂ ಎತ್ತಿದರು.

“ಸಾಹುಕಾರ್ರ, ನಿಮ್ಮ ನಂಬರ್ ಒನ್ ಗಿರಾಕಿ ಇವರ ನೋಡ್ರಿ,” ಅಂದಳು.

ನಂಬರ್ ಒನ್ ಅಂದದ್ದೇ ತಡ, ಜನ ಎದ್ದರು. ಮುಂದಿನ ಸಾಲಿನ ಒಬ್ಬ ಅಜ್ಜಿ ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿ ಕತ್ತು ಬಗ್ಗಿಸಿ ನಿಂತಳು. ಅವಳ ಹಿಂದೆ ಮತ್ತೊಬ್ಬ, ಅವನ ಹಿಂದೆ ಇಡೀ ಸಂಸಾರ. “ನನಗೂ ಶಾಲು”, “ನಾವು ಮೊದಲು ಬಂದದ್ದು” ಎಂದು ಗದ್ದಲ. ವೇದಿಕೆಯ ಹಲಗೆ ಕಿರುಗುಟ್ಟತೊಡಗಿತು. ಸಾಹುಕಾರರು ಇದ್ದೊಂದು ಶಾಲನ್ನು ಎದೆಗೆ ಅವಚಿಕೊಂಡು ಮೂಲೆಗೆ ಒತ್ತಿಹೋಗಿದ್ದರು.

“ತಂಗಿ, ಇವರನ್ನ ಕೆಳಗ ಇಳಸವ್ವಾ!”

“ಇಳಸತೀನ್ರಿ. ಮೊದಲ ಸಹಿ,” ಎಂದು ಹುಡುಗಿ ಕಾಗದ ಚಾಚಿದಳು.

“ತೃಪ್ತಿ ಆಗಿಲ್ಲಲ್ಲವ್ವಾ ನನಗ!”

ಆಗ ಅಜ್ಜಿ ಶಾಲಿನ ಒಂದು ತುದಿ ಹಿಡಿದು ಜಗ್ಗಿದಳು. ಸಾಹುಕಾರರು ‘ಪೂರ್ಣ ತೃಪ್ತಿಯಾಗಿದೆ’ ಎಂದು ಬರೆದು, ಪಕ್ಕದವನ ಬೆನ್ನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.

ಹುಡುಗಿ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಮೈಕು ಹಿಡಿದು, ಸಮಾಧಾನವಾಗಿ ಹೇಳಿದಳು: “ಎಲ್ಲರಿಗೂ ಶಾಲು ಮನೆಗೇ ಬರುತ್ತದೆ. ಒಬ್ಬೊಬ್ಬರಾಗಿ ಬಂದು ನಿಮ್ಮ ಮೊಬೈಲ್ ನಂಬರ್ ಬರೆಸಿ.”

ಮೊಬೈಲ್ ನಂಬರ್ ಅಂದದ್ದೇ ತಡ, ವೇದಿಕೆ ಖಾಲಿಯಾಯಿತು. ಹಾಲ್ ಕೂಡ ಖಾಲಿಯಾಯಿತು. ಬಾಗಿಲಲ್ಲಿ ನೂಕುನುಗ್ಗಲು, ಎಲ್ಲರಿಗಿಂತ ಮುಂದೆ ಮುಖ್ಯ ಅತಿಥಿ. ಎಷ್ಟೋ ತಿಂಗಳ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸಾಹುಕಾರರು ಶಾಲು ಹಿಡಿದುಕೊಂಡೇ ಖಾಲಿ ಕುರ್ಚಿಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ನೊಂದ ದನಿಯಲ್ಲಿ ಅಂದರು:

“ಅಕ್ಕಾರ, ಇದ್ದಾವ ಒಬ್ಬ ಚಲೋ ಗಿರಾಕಿ. ಅವನ್ನೂ ಓಡಿಸಿಬಿಟ್ರಲ್ಲ!”