ಮಾವನ ಲೆನ್ಸು, ಮೇಷ್ಟ್ರ ಕೊಳವೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಊಟವಾಗಿ ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ, ನಾನು ಕೆಲವು ಸಾವಿರ ನಕ್ಷತ್ರಗಳನ್ನು ನಿರ್ನಾಮ ಮಾಡಿದೆ. ಜೊತೆಗೆ ಎರಡು ಪುಟ್ಟ ಗ್ಯಾಲಕ್ಸಿಗಳನ್ನೂ. ದ್ವೇಷವೇನಿರಲಿಲ್ಲ. ಮೊಡವೆಯ ಹಾಗೆ ಕಂಡವು, ಅಷ್ಟೆ.

ಇಂಥ ಕೆಲಸ ಮಾಡಿದವನಿಗಿಂತ ವಿಚಿತ್ರ ಮನುಷ್ಯ ನಮ್ಮ ಮನೆಯಲ್ಲೇ ಇನ್ನೊಬ್ಬರಿದ್ದಾರೆ ಎಂದರೆ ನಂಬುತ್ತೀರಾ? ನನ್ನ ಸೋದರಮಾವ. ಕೊಟ್ಟೂರಿನಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇದೆ. ಕೂಡ್ಲಿಗಿಯಿಂದ ಹಡಗಲಿಯವರೆಗೆ, ಯಾರ ಬೋಳುತಲೆಯೂ ಹೊಳೆಯದಂತೆ, ಯಾವ ಬೀಗರೂ ಅರ್ಧಕ್ಕೆ ಕತ್ತರಿಸಿಹೋಗದಂತೆ ಮದುವೆ ಫೋಟೋ ತೆಗೆಯುವವರು ಎಂದು ಹೆಸರು. ನಾನು ಅದೇ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತು ಐದು ತಾಲ್ಲೂಕಿನ ಮದುಮಕ್ಕಳ ಮೊಡವೆ ಒರೆಸುತ್ತೇನೆ. ಮಚ್ಚೆ ತೆಗೆಯುತ್ತೇನೆ. ಯಾವುದಾದರೂ ಫೋಟೋ ಮಸುಕಾಗಿದ್ದರೆ ಅದರ ಮೇಲೆ ಕಂಪ್ಯೂಟರಿನಲ್ಲೇ ಒಂದಿಷ್ಟು ಅಕ್ಷತೆಯ ಅಕ್ಕಿಕಾಳು ಉದುರಿಸಿ ಮುಚ್ಚುತ್ತೇನೆ. ಬಿಡುವಾದಾಗ ಊರವರ ನಡೆ ನುಡಿ ಅಣಕಿಸಿ ನಗಿಸುತ್ತೇನೆ. ಈ ಎರಡನೆಯ ಕೆಲಸದಲ್ಲಿ ನನಗೆ ಹೆಚ್ಚು ಹೆಸರಿದೆ, ಕೂಲಿ ಇಲ್ಲ.

ಮಾವನಿಗೆ ಗ್ಯಾಲಕ್ಸಿ ಮೈಮೇಲೆ ಬಂದದ್ದು ಹಗರಿಬೊಮ್ಮನಹಳ್ಳಿಯ ಒಂದು ಮದುವೆಯಲ್ಲಿ, ಮಟಮಟ ಮಧ್ಯಾಹ್ನ. ತಾಳಿ ಕಟ್ಟಿದ ಮೇಲೆ ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರವಿದೆಯಲ್ಲ? ನೆತ್ತಿಯ ಮೇಲೆ ಬಿಸಿಲು, ಅದರ ಕೆಳಗೆ ಕಲ್ಯಾಣ ಮಂಟಪದ ಛಾವಣಿ. ಪುರೋಹಿತರು ಬೆರಳು ಎತ್ತುತ್ತಾರೆ, ಗಂಡು ಹೆಣ್ಣು ಕತ್ತು ಎತ್ತುತ್ತಾರೆ, ಮಾವ ‘ಹಂಗ ಇರ್ರಿ’ ಎಂದು ಒಂದು ಕ್ಲಿಕ್ ಹೊಡೆಯುತ್ತಾರೆ. ಮೂವತ್ತು ವರ್ಷ ಇದಕ್ಕೆ ಯಾರೂ ತಕರಾರು ತೆಗೆದಿರಲಿಲ್ಲ. ಆ ದಿನದ ಹುಡುಗಿ ತೆಗೆದಳು. “ಎಲ್ಲೈತ್ರಿ? ನನಗ ಕಾಣವಲ್ದು” ಎಂದಳು. ಪುರೋಹಿತರು ಮಾವನ ಕಡೆ ನೋಡಿದರು. ಮಾವ ಸೀಲಿಂಗ್ ಫ್ಯಾನಿನ ಕಡೆ ನೋಡಿದರು. ಆಲ್ಬಮ್ಮಿನಲ್ಲಿ ಆ ಫೋಟೋ ಈಗಲೂ ಇದೆ. ಫ್ಯಾನನ್ನು ನಾನೇ ಅಳಿಸಿದ್ದು.

ಮಾವ ಬಸ್ಸಿನಿಂದ ಕೊಟ್ಟೂರಿನಲ್ಲಿ ಇಳಿಯುವಾಗ, ಮೂವತ್ತು ವರ್ಷ ಮೇಲೆ ನೋಡುವವರ ಫೋಟೋ ಹೊಡೆದೆ, ಮೇಲೆ ಇರುವುದರ ಫೋಟೋ ಒಂದೂ ಹೊಡೆಯಲಿಲ್ಲ ಎಂದರು. ಅರುಂಧತಿಯಲ್ಲೇ ನಿಲ್ಲಿಸಬಹುದಿತ್ತು. ಮೂರೇ ತಿಂಗಳಲ್ಲಿ ಅವರು ಅರುಂಧತಿಯನ್ನು ದಾಟಿ, ನಮ್ಮ ಆಕಾಶಗಂಗೆಯನ್ನೂ ದಾಟಿ, ಪಕ್ಕದ ಗ್ಯಾಲಕ್ಸಿ ಆಂಡ್ರೊಮಿಡಾಕ್ಕೆ ಹೋಗಿ ನಿಂತರು. ಬೀಗರ ಊರಿಗೆ ಹೋದಂತೆ ಹೋದರು, ಆದರೆ ವಾಪಸ್ಸು ಬರಲಿಲ್ಲ.

ಸಾಮಾನು ಸರಳವಾಗಿತ್ತು. ಮದುವೆಯ ಕ್ಯಾಮೆರಾ, ಮದುವೆಯ ಉದ್ದ ಲೆನ್ಸು, ಅದರ ಕೆಳಗೆ ಭೂಮಿ ಎಷ್ಟು ತಿರುಗುತ್ತದೋ ಅಷ್ಟನ್ನೇ ಹಿಂದಕ್ಕೆ ತಿರುಗಿ ಸರಿಮಾಡುವ ಒಂದು ಸಣ್ಣ ಡಬ್ಬಿ. ಆ ಡಬ್ಬಿಗೆ ಮೊದಲು ಧ್ರುವ ನಕ್ಷತ್ರ ತೋರಿಸಬೇಕು. ನಮ್ಮ ಸೀಮೆಯಲ್ಲಿ ಧ್ರುವ ಬಹಳ ತಗ್ಗಿನಲ್ಲಿರುತ್ತಾನೆ. ಎಷ್ಟು ತಗ್ಗು ಎಂದರೆ, ನಮ್ಮ ಮಾಳಿಗೆಯಿಂದ ನೋಡಿದರೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಕೂತಿರುತ್ತಾನೆ. ಟ್ಯಾಂಕು ಸರಿಸಿ ಎಂದು ಕೇಳಲು ಮಾವ ಹೋಗಿಯೂ ಬಂದರು. ಅವರು ಸರಿಸಲಿಲ್ಲ. ಆಮೇಲೆ ಕೂಡ್ಲಿಗಿ ರಸ್ತೆಯಲ್ಲಿ ಗೆಳೆಯರೊಬ್ಬರ ಹೊಲ ಹಿಡಿದೆವು.

ಗ್ಯಾಲಕ್ಸಿ ಫೋಟೋ ಅಂದರೆ ಒಂದು ಕ್ಲಿಕ್ಕಲ್ಲ. ಎರಡೆರಡು ನಿಮಿಷದ ಹತ್ತಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಅದಾದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಇನ್ನೊಂದಿಷ್ಟು ತೆಗೆಯಬೇಕು. ಹೌದು, ಮುಚ್ಚಳ ಹಾಕಿಯೇ! ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಹುಟ್ಟಿಸುವ ಕಸ ಯಾವುದು ಎಂದು ತಿಳಿದು, ಅದನ್ನು ಫೋಟೋದಿಂದ ಕಳೆಯುವುದಕ್ಕೆ. ಹೊಲದ ಗೆಳೆಯರು ಇದನ್ನು ನೋಡಿ, ಬಹಳ ಮರ್ಯಾದೆಯಿಂದ ಮಾವನ ಕಿವಿಯಲ್ಲಿ ಹೇಳಿದರು: “ಮುಚ್ಚಳ ತಗದಿಲ್ಲ ನೋಡ್ರಿ.”

“ಗೊತ್ತೈತಿ” ಎಂದರು ಮಾವ.

ಗೆಳೆಯರು ನೆಟ್ಟಗೆ ಮನೆಗೆ ಹೋದರು. ಮರುದಿನ ಸಂತೆಯಲ್ಲಿ ನಾಲ್ಕು ಮಂದಿ ಅತ್ತೆಯನ್ನು ನಿಲ್ಲಿಸಿ ಮಾವನ ಆರೋಗ್ಯ ವಿಚಾರಿಸಿದರು.

ಆದರೆ ಒಂದು ಮಾತು ಹೇಳಬೇಕು. ಫೋಟೋ ನಡೆಯುವಾಗ ಕ್ಯಾಮೆರಾ ಮುಟ್ಟುವ ಹಾಗಿಲ್ಲ. ಎಲ್ಲ ಟೈಮರಿನ ಕೆಲಸ. ಮಾವ ದೂರದಲ್ಲಿ ಕೈಕಟ್ಟಿ ಕೂತಿರುತ್ತಿದ್ದರು. ಅಷ್ಟು ನೆಮ್ಮದಿಯಾಗಿ ಅವರು ಯಾವ ಮದುವೆಯಲ್ಲೂ ಇದ್ದದ್ದನ್ನು ನಾನು ಕಂಡಿಲ್ಲ.

ಹೀಗಿರುವಾಗ ಹರಪನಹಳ್ಳಿಯಿಂದ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು ಗಂಟುಬಿದ್ದರು. ಅವರ ಬಳಿ ಕನ್ನಡಿಯ ದೊಡ್ಡ ಟೆಲಿಸ್ಕೋಪಿತ್ತು. ಬೋರ್‌ವೆಲ್ ಪೈಪಿನಂಥ ಕೊಳವೆ, ಅದನ್ನು ಹೊರಲು ಕಬ್ಬಿಣದ ಮೂರು ಕಾಲಿನ ಯಂತ್ರ. ಮೇಷ್ಟ್ರ ಮೊಣಕಾಲು ಅದನ್ನು ಎತ್ತುವ ಸ್ಥಿತಿಯಲ್ಲಿರಲಿಲ್ಲ. ಅವರ ಮನಸ್ಸು ಈಗ ಅಂಕಸಮುದ್ರ ಕೆರೆಯ ಹಕ್ಕಿಗಳ ಕಡೆ ತಿರುಗಿತ್ತು, ಹಕ್ಕಿಗೆ ಮಾವನಂಥ ಉದ್ದ ಲೆನ್ಸು ಬೇಕಿತ್ತು. ಅದಲುಬದಲು ಮಾಡಿಕೊಳ್ಳೋಣ ಎಂದರು. ಎರಡು ವಾರ ಎರಡನ್ನೂ ಇಟ್ಟುಕೊಂಡು ಹೋಲಿಸಿ ನೋಡು, ಆಮೇಲೆ ಹೇಳು ಎಂದು ಕೊಳವೆಯನ್ನು ಗೂಡ್ಸ್ ಆಟೋದಲ್ಲಿ ಕಳಿಸಿಯೇಬಿಟ್ಟರು.

ಅತ್ತೆ ಬಾಗಿಲಲ್ಲಿ ನಿಂತು ಕೊಳವೆ ಇಳಿಯುವುದನ್ನು ನೋಡಿದರು. ಅಂಥ ಲೆನ್ಸನ್ನು ಮತ್ತೆ ಕೊಳ್ಳುವುದು ನಮ್ಮಿಂದಾಗದ ಮಾತು ಎಂದು ಅವರಿಗೆ ಗೊತ್ತು. “ಲೆನ್ಸ್ ಹೋದ್ರ ಮದುವಿ ಹೋತು. ಮದುವಿ ಹೋದ್ರ ಸ್ಟುಡಿಯೋದಾಗ ಉಳಿಯೋದು ಪಾಸ್‌ಪೋರ್ಟ್ ಸೈಜಿನ ಮಾರಿ ಅಷ್ಟ” ಎಂದರು. ಮಾವ ಕೇಳಿಸದವರಂತೆ ಕೊಳವೆಯ ಧೂಳು ಒರೆಸಿದರು.

ಹೋಲಿಕೆ ಶುರುವಾಯಿತು. ಎರಡಕ್ಕೂ ಒಂದೇ ಕ್ಯಾಮೆರಾ, ಒಂದೇ ಗ್ಯಾಲಕ್ಸಿ. ಒಂದು ಸಂಜೆ ಲೆನ್ಸು, ಇನ್ನೊಂದು ಸಂಜೆ ಕೊಳವೆ. ಮಾವ ವಿವರಿಸಿದ್ದು ತಮಗೆ ಗೊತ್ತಿರುವ ಭಾಷೆಯಲ್ಲೇ. ಲೆನ್ಸು ಅಂದರೆ ಗ್ರೂಪ್ ಫೋಟೋ: ಮದುಮಗಳ ಜೊತೆ ಅಕ್ಕಪಕ್ಕದ ನಕ್ಷತ್ರಗಳ ಬಂಧುಬಳಗವೆಲ್ಲ ಬರುತ್ತದೆ. ಕೊಳವೆ ಅಂದರೆ ಕ್ಲೋಸಪ್: ಆಂಡ್ರೊಮಿಡಾ ಪೂರ್ತಿ ಹಿಡಿಸುವುದೇ ಇಲ್ಲ, ನಡುವಿನ ಹೊಳಪು, ಅದರ ಸುತ್ತ ಕಪ್ಪು ಗೆರೆ, ಅಷ್ಟೆ. ಮದುಮಗಳ ಮೂಗುತಿ ಮಾತ್ರ ತೆಗೆದ ಹಾಗೆ. ಮೂಗುತಿ ಅದ್ಭುತವಾಗಿರುತ್ತದೆ, ಮದುವೆ ಯಾರದ್ದು ಎಂದು ಗೊತ್ತಾಗುವುದಿಲ್ಲ.

ಲೆನ್ಸಿನ ಸಂಜೆ ಸುಸೂತ್ರವಾಗಿ ಮುಗಿಯಿತು. ಏಳೂವರೆಗೆಲ್ಲ ಗ್ಯಾಲಕ್ಸಿ ಮೇಲೇರಿತ್ತು, ಊಟದ ಹೊತ್ತಿಗೆ ನಾವು ಮನೆಯಲ್ಲಿದ್ದೆವು. ಕೊಳವೆಯ ಸಂಜೆ ಗಾಳಿ ಎದ್ದಿತು. ನಮ್ಮ ಗಾಳಿ ಎಂಥದ್ದು ಎಂದು ಕೇಳಬೇಕೇ? ಅದನ್ನು ನಂಬಿ ಕಂಪನಿಯವರು ಗುಡ್ಡದ ತುಂಬ ಕರೆಂಟು ಮಾಡುವ ಫ್ಯಾನು ನೆಟ್ಟಿದ್ದಾರೆ. ಆ ಫ್ಯಾನುಗಳ ಕೆಂಪು ದೀಪ ಆಕಾಶದಂಚಿನಲ್ಲಿ ಕಣ್ಣು ಹೊಡೆಯುತ್ತಿದ್ದರೆ, ಇತ್ತ ಕೊಳವೆ ಹಡಗಿನ ಹಾಯಿಯ ಹಾಗೆ ಗಾಳಿ ಹಿಡಿದು ಅಲ್ಲಾಡುತ್ತಿತ್ತು. ನಾನೂ ಹೊಲದ ಗೆಳೆಯರೂ ಒಂದು ಜಮಖಾನ ಅಡ್ಡ ಹಿಡಿದು ಎರಡೂವರೆ ತಾಸು ನಿಂತೆವು. ಎಪ್ಪತ್ತು ಫೋಟೋದಲ್ಲಿ ಹನ್ನೊಂದು ಉಳಿದವು. ಯಾವುದು ಗೆದ್ದಿತು ಎಂದು ಇಷ್ಟರಲ್ಲೇ ಯಾರಿಗಾದರೂ ತಿಳಿಯುತ್ತದೆ. ಅತ್ತೆಗೂ ತಿಳಿಯಿತು. ಆ ದಿನ ಅವರು ಮಾವನಿಗೆ ಎರಡನೆಯ ಸಲ ಚಹಾ ಕೊಟ್ಟರು.

ಆಗ ನಾನು ಪ್ರವೇಶಿಸಿದೆ.

ಕೊಳವೆಯ ಫೋಟೋವನ್ನು ಮಾವ ತಾವೇ ತಿದ್ದಿದರು. ಲೆನ್ಸಿನದನ್ನು ಪ್ರಿಂಟಿಗೆ ಅಣಿಮಾಡಲು ನನಗೆ ಕೊಟ್ಟರು. ಎದುರಿಗೆ ನುಣುಪಾದ, ದುಂಡನೆಯ, ಹೊಳೆಯುವ ಒಂದು ಮುಖ. ಅದರ ಸುತ್ತ ಲೆಕ್ಕವಿಲ್ಲದಷ್ಟು ಚುಕ್ಕೆ. ವರ್ಷಗಟ್ಟಲೆ ಮಾಡಿದ ಕೆಲಸ, ಕೈ ತಾನೇ ತಾನಾಗಿ ಹೋಯಿತು. ಆಂಡ್ರೊಮಿಡಾದ ಮಗ್ಗುಲಲ್ಲೇ ಎರಡು ಮರಿ ಗ್ಯಾಲಕ್ಸಿಗಳಿವೆ ಎಂದು ಆಮೇಲೆ ಓದಿದೆ. ಅವನ್ನು ಮಚ್ಚೆ ಎಂದುಕೊಂಡು ವಿಶೇಷ ಕಾಳಜಿಯಿಂದ ತೆಗೆದಿದ್ದೆ. ಪ್ರಿಂಟು ಹೊರಬಂದಾಗ ನೋಡಿದರೆ, ಕಪ್ಪು ಹಲಗೆಯ ಮೇಲೆ ಯಾರೋ ದೋಸೆ ಹುಯ್ದು ಮರೆತುಹೋದಂತಿತ್ತು. ಮೂಲ ಫೈಲು ಇತ್ತು. ಹೇಳುವ ಧೈರ್ಯ ಇರಲಿಲ್ಲ.

ಮಾವ ಎರಡು ಪ್ರಿಂಟನ್ನೂ ಗೋಡೆಗೆ ಒರಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೊಳವೆಯೇ ಚೆನ್ನಾಗಿದೆ ಎಂದರು. ನಾನು ಬಾಯಿ ಬಿಡುವುದರೊಳಗೆ ಮೇಷ್ಟ್ರಿಗೆ ಫೋನು ಹೋಗಿತ್ತು. ಅತ್ತೆ ಅಂದಿನಿಂದ ಮಾತು ನಿಲ್ಲಿಸಿದರು. ಮಾಘದ ಮದುವೆಗಳಿಗೆ ಜನ ಕೇಳಿಕೊಂಡು ಬಂದರೆ ಮಾವ ಬೇರೆ ಸ್ಟುಡಿಯೋದ ದಾರಿ ತೋರಿಸತೊಡಗಿದರು. ನಾನು ಮೂರು ದಿನ ಯಾರ ಅಣಕವನ್ನೂ ಮಾಡಲಿಲ್ಲ. ಊರಿನಲ್ಲಿ ನನಗೆ ಜ್ವರವೆಂದು ಸುದ್ದಿಯಾಯಿತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದು ಸ್ಟುಡಿಯೋದಲ್ಲಿ ಕೂತರು. ಅತ್ತೆ ಬಾಗಿಲಲ್ಲಿ ನಿಂತರು. ಮಾವ ಚೀಲದಿಂದ ಲೆನ್ಸು ತೆಗೆದರು. ಇನ್ನು ತಡೆಯಲಾಗಲಿಲ್ಲ.

“ಮಾವ, ಆ ಫೋಟೋದಾಗ ಚಿಕ್ಕಿ ಎಲ್ಲಾ ನಾನ ಒರೆಸೀನಿ. ಲೆನ್ಸಿಂದ ಏನೂ ತಪ್ಪಿಲ್ಲ.”

ಮಾವ ತಲೆ ಎತ್ತಲಿಲ್ಲ. “ಚಿಕ್ಕಿ ಇಲ್ಲದ ಆಕಾಶ ನೋಡಿ ನನಗ ತಿಳಿಯಂಗಿಲ್ಲೇನಲೇ? ನಿನ್ನ ಕೈಕೆಲಸ ಕಲಿಸಿದಾಂವ ನಾನ.”

“ಮತ್ಯಾಕ ಕೊಳವಿ ಛಲೋ ಐತಿ ಅಂದ್ರಿ?”

ಅವರು ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ, ನನ್ನ ಮುಖಕ್ಕೆ ಹಿಡಿದರು. ಲೆನ್ಸಿನ ತುದಿ ನಡುಗುತ್ತಿತ್ತು. ಇಳಿಸಲಿಲ್ಲ. ಎಲ್ಲರೂ ನೋಡಿಯಾಗಲಿ ಎಂಬಂತೆ ಹಾಗೇ ಹಿಡಿದಿದ್ದರು.

“ಹಡಗಲಿ ಮದುವ್ಯಾಗ ತಾಳಿ ಕಟ್ಟೋದು ಒಂದೂ ಸರಿ ಬರಲಿಲ್ಲ. ನೀ ಅಕ್ಕಿಕಾಳು ಹಾಕಿ ಮುಚ್ಚಿದಿ. ಇನ್ನ ಎಷ್ಟು ಮದುವಿಗೆ ಹಾಕ್ತಿ?”

ಆ ಫೋಟೋಗಳು ಮಸುಕಾದದ್ದು ಲೆನ್ಸಿನ ವಯಸ್ಸಿನಿಂದ ಎಂದು ನಾನು ತಿಳಿದಿದ್ದೆ. ಆ ನಡುಕ ಮಾತ್ರ ನನಗೆ ಹೊಸದಲ್ಲ. ಮಿರ್ಚಿ ಅಂಗಡಿಯ ಮುಂದೆ ನಾನು ಮಾಡುತ್ತಿದ್ದ ಅಣಕಗಳಲ್ಲಿ ಜನ ಮತ್ತೆ ಮತ್ತೆ ಕೇಳಿ ಮಾಡಿಸುತ್ತಿದ್ದದ್ದು ಅದನ್ನೇ: ಮಾವ ಫೋಕಸ್ ಮಾಡುವುದು. ಬೆರಳು ನಡುಗಿಸುವುದನ್ನು ಕನ್ನಡಿಯ ಮುಂದೆ ನಿಂತು ಕಲಿತಿದ್ದೆ. ಗಡಿಬಿಡಿಯ ನಡುಕ ಎಂದುಕೊಂಡಿದ್ದೆ. ಅವರು ಎಷ್ಟು ತಿಂಗಳಿಂದ ಅದನ್ನು ಅತ್ತೆಯಿಂದ ಬಚ್ಚಿಟ್ಟಿದ್ದರೋ, ಅಷ್ಟೇ ತಿಂಗಳಿಂದ ನಾನು ಅದನ್ನು ಊರಿಗೆಲ್ಲ ತೋರಿಸುತ್ತಿದ್ದೆ.

ಮೇಷ್ಟ್ರು ಎಲ್ಲರಿಗಿಂತ ಮೊದಲು ಸುಧಾರಿಸಿಕೊಂಡರು. “ಕೊಳವೆ ಇಲ್ಲೇ ಇರ್ಲಿ ಬಿಡಪ್ಪ, ನನ್ನ ಕಾಲಿಗೆ ಅದು ಬ್ಯಾಡ. ಲೆನ್ಸಿನ ವಿಚಾರ ನೀನೇ ಹೇಳು” ಎಂದರು. ಕೊಟ್ಟ ಮಾತು ಕೊಟ್ಟಂತೆ ಎಂದು ಮಾವ ಕ್ಯಾಮೆರಾ ಸಮೇತ ಚಾಚಿದರು.

ಅಷ್ಟರಲ್ಲಿ ಅತ್ತೆ ನಡುವೆ ಬಂದು ಅದನ್ನು ಇಸಿದುಕೊಂಡರು. ಮಾವನ ಕೈಯನ್ನು ಒಂದು ಗಳಿಗೆ ತಮ್ಮ ಕೈಯಲ್ಲಿ ಹಾಗೇ ಇಟ್ಟುಕೊಂಡಿದ್ದು ಬಿಟ್ಟರು. ಆಮೇಲೆ ಕ್ಯಾಮೆರಾದ ಪಟ್ಟಿಯನ್ನು ನನ್ನ ಕುತ್ತಿಗೆಗೆ ಹಾಕಿದರು.

ಮೇಷ್ಟ್ರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇವನಿಗೆ ಫೋಟೋ ತೆಗೆಯಲು ಬರುತ್ತದೆಯೇ ಎಂದು ಕೇಳಿದರು.

“ಏನೂ ಬರಂಗಿಲ್ರಿ” ಎಂದರು ಅತ್ತೆ. “ಇವ ಫೋಟೋ ಹೊಡಿತಾನ, ಇವರು ಬಾಜೂಕ ನಿಂತು ಬೈತಾರ. ಬೈಯಾಕ ಕೈ ಬೇಕಾಗಂಗಿಲ್ಲ.”