ಬೋರ್ಡಿನ ಮೊದಲಕ್ಷರಗಳು

"ಮಾಮಾ, ನಿಮ್ಮ ಬೋರ್ಡು ಯಾರನ್ನೂ ಒಳಗೆ ಬಿಡಲ್ಲ ಅಂತಿದೆ."

ಹೊಸ ಕಟ್ಟಡದ ಯಜಮಾನರ ಮೊಮ್ಮಗಳ ಈ ಮಾತಿಗೆ, ಏಣಿಯ ಮೇಲಿದ್ದ ಪೇಂಟರ್ ಬ್ರಷ್ಷು ಕಚ್ಚಿಕೊಂಡೇ ನಕ್ಕ. ಅವತ್ತು ಅವನಿಗೆ ಎಲ್ಲಕ್ಕೂ ನಗು ಬರುತ್ತಿತ್ತು. ಸಂಜೆ ಐದಕ್ಕೆ ಕಟ್ಟಡದ ಉದ್ಘಾಟನೆ. ಅಷ್ಟರೊಳಗೆ ಬೋರ್ಡು ಮುಗಿದರೆ ಮೆಟ್ಟಿಲ ಕೆಳಗಿನ ಖಾಲಿ ಕೋಣೆ ಅವನದು. ಹದಿನೆಂಟು ವರ್ಷ ಫುಟ್‌ಪಾತಿನಲ್ಲಿ ಕೂತು ಊರವರ ಬಾಗಿಲಿಗೆಲ್ಲ ಹೆಸರು ಬರೆದವನಿಗೆ ತನ್ನದೆನ್ನುವ ಒಂದು ಬಾಗಿಲು ಇರಲಿಲ್ಲ.

"ಎಲ್ಲಿ ಹಾಗಂತಿದೆ ಪುಟ್ಟಿ?"

"ಗುಟ್ಟಿನ ಬರಹದಲ್ಲಿ ಸಾಲಿನ ಮೊದಲಕ್ಷರ ಮಾತ್ರ ಓದಬೇಕು. ಓದಿ."

ರಜೆ ಶುರುವಾದಾಗಿನಿಂದ ಅವಳಿಗೆ ಅದೇ ಹುಚ್ಚು. ತಾತನಿಗೆ ಬರೆದ ಮೂರು ಸಾಲಿನ ವಿನಯದ ಪತ್ರದ ಮೊದಲಕ್ಷರಗಳು 'ಕಂಜೂಸು' ಎನ್ನುತ್ತಿದ್ದವು. ಪೇಂಟರ್ ಬೋರ್ಡು ನೋಡಿದ. ಮಹಡಿಗೊಂದರಂತೆ ನಾಲ್ಕು ಸಾಲು: ಬಟ್ಟೆ ಅಂಗಡಿ, ರಬ್ಬರ್ ಸ್ಟಾಂಪು, ಬೇಕರಿ, ಡಿಸೈನ್ ಆಫೀಸು.

ಬ. ರ. ಬೇ. ಡಿ.

ಏಣಿ ಅವನ ಕಾಲಡಿಯಲ್ಲಿ ಸುಳ್ಳು ಸಾಕ್ಷಿಯ ಹಾಗೆ ತಡವರಿಸಿತು.

ಬೇಕರಿಯವನೂ ಸ್ಟಾಂಪಿನವನೂ ಆಗಲೇ ಬಂದು ಹಿಂದೆ ನಿಂತಿದ್ದರು. "ಬೆಳಿಗ್ಗೆ ಒಲೆ ಹಚ್ಚಿದ್ರೆ ಯಾರೋ ಊದಿದ ಹಾಗೆ ಆರೋಯ್ತು," ಎಂದ ಬೇಕರಿಯವನು.

"ನಂದು ಕೇಳು. ಯಾವ ಸ್ಟಾಂಪು ಒತ್ತಿದ್ರೂ 'ರದ್ದು' ಅಂತ ಬೀಳ್ತಿದೆ."

"ರದ್ದು ಸ್ಟಾಂಪೇ ಎತ್ಕೊಂಡಿರ್ತೀಯ."

"ನನ್ನ ಹತ್ರ ಆ ಸ್ಟಾಂಪೇ ಇಲ್ಲ ಕಣೋ."

ಗದ್ದಲ ಕೇಳಿ ಯಜಮಾನರು ಇಳಿದು ಬಂದರು. ಓದಿದರು. "ಇದು ಸರಿಯಾಗೋ ತನಕ ನಿನ್ನ ಕೋಣೆ ಬೀಗದ ಕೈ ನನ್ನ ಜೇಬಲ್ಲೇ ಇರುತ್ತೆ," ಎಂದರು.

ಪೇಂಟರ್ ಎಲ್ಲ ಅಳಿಸಿ, ಮೇಲಿನ ಮಹಡಿಯಿಂದ ತಿರುಗಾಮುರುಗಾ ಬರೆದ. ಡಿ, ಬೇ, ರ, ಬ. ತಲೆ ಇಲ್ಲ, ಬುಡ ಇಲ್ಲ. ಎಲ್ಲರೂ ಉಸಿರು ಬಿಟ್ಟರು.

"ಈಗ ಕೆಳಗಿಂದ ಓದಬೇಕು ಅಷ್ಟೆ," ಎಂದಳು ಪುಟ್ಟಿ. "ಗುಟ್ಟು ಇನ್ನೂ ಜಾಸ್ತಿಯಾಯ್ತು."

ಯಜಮಾನರು ಗಲ್ಲ ಕೆರೆದುಕೊಂಡರು. "ನಟ್ಟನಡುವೆ ಇನ್ನೊಂದು ಹೆಸರು ತುರುಕು. ಮಾತು ಮುರಿದು ಬೀಳುತ್ತೆ. ನಿನ್ನ ಅಂಗಡಿದೇ ಬರಿ."

ಪೇಂಟರ್ ಆಗಲೇ ಬ್ರಷ್ಷು ಬಣ್ಣಕ್ಕೆ ಅದ್ದಿದ. "ಬೋರ್ಡು ಬರಹ ಅಂತ ಬರೀಲಾ?"

"ಮತ್ತೆ 'ಬ'ದಲ್ಲಿ ಶುರು ಮಾಡ್ಬೇಡಪ್ಪಾ," ಎಂದು ಮೂವರೂ ಒಟ್ಟಿಗೆ ಕೈ ಅಡ್ಡ ಹಿಡಿದರು.

ಬಾಟಲಿ, ಡಬ್ಬಿಗಳಿಗೆ ಲೇಬಲ್ ಬರೆಯುವುದೂ ಅವನ ಕೆಲಸವೇ. ಡಿ, ಬೇ ಎರಡೂ ಸಾಲಿನ ಕೆಳಗೆ, ಬದುಕಿನಲ್ಲೇ ಅತಿ ದುಂಡಗಿನ ಅಕ್ಷರಗಳಲ್ಲಿ 'ಲೇಬಲ್ ಬರಹ' ಎಂದು ತುಂಬಿಸಿದ. ಐದಕ್ಕೆ ಹತ್ತು ನಿಮಿಷವಿತ್ತು. ಯಜಮಾನರು ಬೀಗದ ಕೈ ಅವನ ಅಂಗೈಗಿಟ್ಟರು.

ಪುಟ್ಟಿ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದಳು.

"ಬ… ರ… ಲೇ… ಬೇ… ಡಿ."

ಸ್ಟಾಂಪಿನವನು ಒಂದು ಹೆಜ್ಜೆ ಹಿಂದೆ ಸರಿದ.

"ಮೊದಲು ಬರಬೇಡಿ ಅಂತಷ್ಟೇ ಇತ್ತು," ಎಂದಳು ಮೆಲ್ಲಗೆ. "ನಾವು ಕೇಳಲಿಲ್ಲ ಅಂತ ಅದಕ್ಕೆ ಸಿಟ್ಟು ಬಂದಿರಬೇಕು."

ಬೇಕರಿಯವನು ತನ್ನ ಟ್ರೇಗಳನ್ನು ಬೀದಿಗೆ ಹೊರತೊಡಗಿದ. ಸ್ಟಾಂಪಿನವನು ಅವನಿಗಿಂತ ಮುಂದಿದ್ದ.

"ಹೋಗೋರು ಹೋಗ್ಲಿ," ಎಂದ ಪೇಂಟರ್. "ಅಕ್ಷರ ಬರೆದೋನು ನಾನು. ನನ್ನ ಅಕ್ಷರಕ್ಕೆ ನಾನೇ ಹೆದರ್ಲಾ?"

ಡಬ್ಬಿ, ಬ್ರಷ್ಷು ಎತ್ತಿಕೊಂಡು ಮೆಟ್ಟಿಲ ಕೆಳಕ್ಕೆ ನಡೆದ. ಕಿಟಕಿಯೂ ಇಲ್ಲದ ಖಾಲಿ ಕೋಣೆ. ಬೀಗ ತೆಗೆದು ಬಾಗಿಲಿಗೆ ಕೈ ಚಾಚಿದ.

ಒಳಗಿನಿಂದ ಯಾರೋ ಚಿಲಕ ಹಾಕಿಕೊಂಡರು.