ಜಿಪ್ಪಣ್ಣನ ಕೈಮಿಷನ್ನು ಮತ್ತು ದೇಶದ ಭದ್ರತೆ

ಎಲ್ಲಕ್ಕೂ ಕಾರಣ ಒಂದು ಲೋಟ ಹೆಚ್ಚಿಗೆ ಕುಡಿದ ಚಹಾ. ಬಸ್ ನಿಲ್ದಾಣದ ಮುಂದೆ ಕೂತು ಹರಿದ ಚೀಲ, ಕಿತ್ತ ಜಿಪ್ಪು ಹೊಲಿದುಕೊಡುವ ಜಿಪ್ಪಣ್ಣ ಆ ಬೆಳಿಗ್ಗೆ ಅಂಗಡಿ ಹರಡುವ ಮೊದಲೇ ಶೌಚಾಲಯಕ್ಕೆ ಓಡಬೇಕಾಯಿತು. ಕೈಯಿಂದ ತಿರುಗಿಸುವ ಅವನ ಹೊಲಿಗೆ ಮಿಷನ್ನು ಕರಿ ಚೀಲದೊಳಗೆ ಕಬ್ಬಿಣದ ಕೂಸಿನಂತೆ ಮಲಗಿತ್ತು. ಅದರ ಚಕ್ರ ತಿರುಗಿದರಷ್ಟೇ ಮನೆಯ ಒಲೆ ಉರಿಯುವುದು. ಚೀಲವನ್ನು ನಿಲ್ದಾಣದ ಬೆಂಚಿನ ಮೇಲಿಟ್ಟು, ಪಕ್ಕದ ಬೀಗ ರಿಪೇರಿ ಮಾಮನಿಗೆ, "ಮಾಮಾ, ಒಂಚೂರು ನೋಡ್ಕೋ, ಈಗ ಬಂದೆ" ಎಂದು ಓಡಿದ. ಮಾಮ ತಲೆಯಾಡಿಸಿದ್ದು ಒಪ್ಪಿಗೆಯಿಂದಲ್ಲ, ತೂಕಡಿಕೆಯಿಂದ.

ವಾಪಸು ಬರುವಷ್ಟರಲ್ಲಿ ನಿಲ್ದಾಣಕ್ಕೆ ನಿಲ್ದಾಣವೇ ಬೀದಿಗೆ ಬಂದಿತ್ತು.

"ಟಿಕ್ ಟಿಕ್ ಅಂತಿದೆ! ನನ್ನ ಕಿವಿಯಾರೆ ಕೇಳ್ದೆ!" ಎಂದು ಚಹಾದಂಗಡಿಯ ಅಕ್ಕ ಎದೆ ಬಡಿದುಕೊಳ್ಳುತ್ತಿದ್ದಳು. ಅವಳ ತಲೆಯ ಮೇಲೇ ಗೋಡೆ ಗಡಿಯಾರ ನೇತಾಡುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ.

"ಸಾರ್, ಅದು ನನ್ ಚೀಲ! ಒಳಗಿರೋದು ಹೊಲಿಗೆ ಮಿಷನ್ನು!" ಜಿಪ್ಪಣ್ಣ ಪೊಲೀಸರು ಕಟ್ಟಿದ್ದ ಹಗ್ಗದಡಿ ನುಗ್ಗಿದ.

ಇನ್ಸ್‌ಪೆಕ್ಟರು ಅವನ ಕುತ್ತಿಗೆಪಟ್ಟಿ ಹಿಡಿದರು. "ಬಾಂಬ್ ಇಟ್ಟವ್ನೂ ಹಿಂಗೇ ಹೇಳ್ತಾನೆ. ನಿನ್ ಪರಿಚಯ ಇರೋರು ಯಾರಿದಾರೆ ಇಲ್ಲಿ?"

"ಮಾಮಾ, ಹೇಳು ಮಾಮಾ!"

ದಿನವೂ ಅವನೊಂದಿಗೆ ಅರ್ಧರ್ಧ ಚಹಾ ಹಂಚಿಕೊಂಡು ಕುಡಿಯುವ ಮಾಮ ಆಕಾಶ ನೋಡಿದ. "ಎಲ್ಲೋ ನೋಡ್ದಂಗಿದೆ ಸಾರ್."

ಅಷ್ಟರಲ್ಲಿ ಮಫ್ತಿಯಲ್ಲಿದ್ದ ಗುಪ್ತಚರನೊಬ್ಬ, ಯಾರಿಗೂ ಗುರುತು ಸಿಗದಿರಲೆಂದು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಬಂದ.

"ಬನ್ನಿ ಗುಪ್ತಚರ ಸಾಹೇಬ್ರೇ, ಸಕ್ಕರೆ ಕಮ್ಮಿ ತಾನೇ?" ಎಂದಳು ಅಕ್ಕ.

ವಿಚಾರಣೆ ಶುರುವಾಯಿತು. "ನಿನ್ನೆ ಏನೇನ್ ಮಾಡ್ದೆ, ಬೊಗಳು!" ಎಂದರು ಇನ್ಸ್‌ಪೆಕ್ಟರು. "ನಾಳೆ ಏನ್ ಮಾಡ್ಬೇಕು ಅಂತಿದೀಯ?" ಎಂದು ಪತ್ರಿಕೆಯ ಹಿಂದಿನಿಂದ ಪಿಸುಗುಟ್ಟಿದ ಗುಪ್ತಚರ. ದಾರಿಯಲ್ಲಿ ಹೋಗುತ್ತಿದ್ದ ಸೇನೆಯ ಲಾರಿಯೂ ನಿಂತಿತು. ಕ್ಯಾಪ್ಟನ್ ಧುಮುಕಿ, "ಗಡಿಯಾಚೆಯಿಂದ ಬಂದ್ಯಾ?" ಎಂದು ಗುಡುಗಿದ.

"ಶೌಚಾಲಯದಿಂದ ಬಂದೆ ಸಾರ್!"

ನಿನ್ನೆಗೊಂದು, ನಾಳೆಗೊಂದು, ಗಡಿಗೊಂದು ಇಲಾಖೆಯಿತ್ತು. ಇವತ್ತು ನಿನ್ನ ಹೊಟ್ಟೆಪಾಡು ಹೇಗೆ ಎಂದು ಕೇಳುವ ಇಲಾಖೆ ಮಾತ್ರ ಆ ದೇಶದಲ್ಲಿ ಇರಲಿಲ್ಲ.

ಸೈರನ್ ಮೊಳಗಿಸುತ್ತ ಬಾಂಬ್ ದಳ ಬಂತು. ದಳದ ಮುಖ್ಯಸ್ಥ ಚೀಲವನ್ನು ದೂರದಿಂದಲೇ ದುರುಗುಟ್ಟಿ ನೋಡಿ, "ಮೇಲಿನಿಂದ ಆದೇಶ ಆಗಿದೆ. ಇಲ್ಲೇ ಸಿಡಿಸಿ ನಾಶ ಮಾಡ್ತೀವಿ" ಎಂದ. ಮುಖ್ಯಸ್ಥ ಹಾಸಿಗೆಯಷ್ಟು ದಪ್ಪದ ರಕ್ಷಾಕವಚದೊಳಗೆ ತನ್ನ ಹೊಟ್ಟೆಯನ್ನು ತುರುಕಿ ಉಸಿರು ಬಿಗಿಹಿಡಿದು ಜಿಪ್ಪು ಎಳೆದ. ಚರ್ರ್! ಜಿಪ್ಪಿನ ಪಟ್ಟಿ ಬುಡಸಮೇತ ಕಿತ್ತು ಕೈಗೆ ಬಂತು.

"ಕವಚ ಇಲ್ದೆ ಚೀಲದ ಹತ್ರ ಹೋಗೋ ಹಾಗಿಲ್ಲ. ನಿಯಮ" ಎಂದು ಮುಖ್ಯಸ್ಥ ಪೆಚ್ಚುಮೋರೆ ಹಾಕಿದ. "ಇಲ್ಲಿ ಜಿಪ್ಪು ಹೊಲಿಯೋರು ಯಾರಾದ್ರೂ ಇದಾರೇನ್ರೀ?"

ಬೀಗದ ಮಾಮನ ನೆನಪಿನ ಬೀಗ ಥಟ್ಟನೆ ತೆರೆಯಿತು. "ಇವ್ನೇ ಸಾರ್, ನಮ್ ಜಿಪ್ಪಣ್ಣ! ಚಿಕ್ಕ ಹುಡುಗ ಆಗಿದ್ದಾಗಿಂದ ಬಲ್ಲೆ!"

"ಹೊಲಿತೀನಿ ಸಾರ್" ಎಂದ ಜಿಪ್ಪಣ್ಣ. "ಆದ್ರೆ ಮಿಷನ್ನು ಆ ಚೀಲದೊಳಗಿದೆ."

ಕವಚ ಹೊಲಿಯಲು ಮಿಷನ್ನು ಬೇಕು, ಮಿಷನ್ನು ತೆಗೆಯಲು ಕವಚ ಬೇಕು. ಇನ್ಸ್‌ಪೆಕ್ಟರು ಕ್ಯಾಪ್ಟನ್ನನ್ನು, ಕ್ಯಾಪ್ಟನ್ ಗುಪ್ತಚರನನ್ನು, ಗುಪ್ತಚರ ಪತ್ರಿಕೆಯ ಹವಾಮಾನ ಪುಟವನ್ನು ನೋಡಿದರು. ಬಿಸಿಲು ನೆತ್ತಿಗೇರಿದರೂ ಚರ್ಚೆ ಮುಗಿಯಲಿಲ್ಲ.

ಜಿಪ್ಪಣ್ಣನ ತಲೆ ಕೆಟ್ಟಿತು. ಹಗ್ಗ ಹಾರಿ ಬೆಂಚಿನತ್ತ ನುಗ್ಗಿದ.

"ಮುಟ್ಬೇಡ್ವೋ!"

ಕ್ಯಾಪ್ಟನ್ ಲಾರಿಯಡಿ ಉರುಳಿದ. ಇನ್ಸ್‌ಪೆಕ್ಟರು ಅವನ ಹಿಂದೆ. ಗುಪ್ತಚರ ಪತ್ರಿಕೆಯನ್ನೇ ಹೊದ್ದು ಮಲಗಿದ. ಜಿಪ್ಪಣ್ಣ ಸರ್ರನೆ ಚೀಲ ಬಿಚ್ಚಿ ಮಿಷನ್ನನ್ನು ಎತ್ತಿ ಹಿಡಿದ. ಬಿಸಿಲಿಗೆ ಅದು ಫಳಫಳ ಹೊಳೆಯಿತು. ಜನ ಶಿಳ್ಳೆ ಹೊಡೆದರು. ಅಲ್ಲೇ ಚಕ್ಕಳಮಕ್ಕಳ ಕೂತು, ಕವಚವನ್ನು ತೊಡೆಯ ಮೇಲೆಳೆದುಕೊಂಡು ಟಕಟಕನೆ ಜಿಪ್ಪು ಕೂಡಿಸಿದ. ಮುಖ್ಯಸ್ಥ ತೊಟ್ಟುಕೊಂಡು ಕೂತ, ಎದ್ದ, ಬಗ್ಗಿದ. "ಭೇಷ್!"

"ಹಂಗಾದ್ರೆ ನಾನ್ ಬರ್ಲಾ ಸಾರ್?"

"ತಾಳು. ಮಿಷನ್ನು ಚೀಲಕ್ಕೆ ಹಾಕು. ಚೀಲನ ಬೆಂಚಿನ ಮೇಲೆ ಮೊದಲು ಇದ್ದ ಹಾಗೇ ಇಡು."

"ಯಾಕ್ ಸಾರ್? ಬಾಂಬ್ ಅಲ್ಲ ಅಂತ ನೀವೇ ಕಣ್ಣಾರೆ ನೋಡಿದ್ರಲ್ಲ!"

"ನಾವು ನೋಡಿದ್ವಿ ಕಣಯ್ಯಾ. ಆದೇಶ ಕೊಟ್ಟೋರು ನೋಡಿಲ್ವಲ್ಲ!"

ಇಬ್ಬರು ಪೊಲೀಸರು ಜಿಪ್ಪಣ್ಣನ ರಟ್ಟೆ ಹಿಡಿದುಕೊಂಡರು. ಮುಖ್ಯಸ್ಥ ಹೊಲಿದ ಜಿಪ್ಪನ್ನು ಗಲ್ಲದವರೆಗೂ ಏರಿಸಿ, ಬೆಂಚಿನವರೆಗೆ ಗಂಭೀರವಾಗಿ ನಡೆದುಹೋಗಿ, ದಳ ತಂದಿದ್ದ ಸಿಡಿಮದ್ದನ್ನು ಚೀಲದ ಪಕ್ಕಕ್ಕಿಟ್ಟು ಬತ್ತಿ ಹಚ್ಚಿದ.

ಢಮಾರ್!

ಮಿಷನ್ನಿನ ಚಕ್ರವೊಂದೇ ಉರುಳುತ್ತಾ ಬಂದು ಜಿಪ್ಪಣ್ಣನ ಕಾಲ ಬಳಿ ಮಗುಚಿಕೊಂಡಿತು. ಹೊಗೆಯೊಳಗಿಂದ ಮುಖ್ಯಸ್ಥ ಹೊರಬಂದ. ಕವಚದ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಜಿಪ್ಪಣ್ಣನ ಬೆನ್ನನ್ನು ಪ್ರೀತಿಯಿಂದ ಗುದ್ದಿ ಹೇಳಿದ:

"ಎಂಥಾ ಕೈಯಯ್ಯಾ ನಿಂದು! ಜಿಪ್ಪು ಕಿತ್ತಿರೋ ಕವಚಗಳು ನಮ್ ಆಫೀಸಲ್ಲಿ ರಾಶಿ ಬಿದ್ದಿವೆ. ನಾಳೆ ಬೆಳಿಗ್ಗೆನೇ ಬಂದ್ಬಿಡು. ಮಿಷನ್ ತರೋದು ಮಾತ್ರ ಮರೀಬೇಡ!"